ಕಾನೂನು ಅಂದ್ರೆ ಬರೀ ರಾಜಕೀಯಾನಾ? ಮಾಕುಟ್ಟದ ಮಣ್ಣುಗುಡ್ಡೆ ನೆನಪಿಟ್ಟುಕೊಂಡು ಒಂದು ಉತ್ತರ

ಬರಹ ಉದ್ದ ಇದೆ. ಬಸ್ಸಲ್ಲಿ ಕೂತಾಗ, ಇಲ್ಲ ರಾತ್ರಿ ಊಟ ಆದ ಮೇಲೆ ಓದಿ. ಅರ್ಧ ಓದಿ ಲೈಕ್ ಒತ್ತೋದಕ್ಕಿಂತ ಪೂರ್ತಿ ಓದಿ ಜಗಳ ಮಾಡಿದ್ರೆ ನನಗೆ ಹೆಚ್ಚು ಖುಷಿ.

ಹೋದ ಭಾನುವಾರ ವಿರಾಜಪೇಟೆಯಲ್ಲಿ ನಮ್ಮ ಓದಿನ ಗುಂಪು ಸೇರಿತ್ತು. ಹದಿನೈದು ಜನ ಇರಬಹುದು. ಎಲ್‌ಎಲ್‌ಬಿ ಓದ್ತಿರೋ ಹುಡುಗನೊಬ್ಬ ಎದ್ದು ಕೇಳಿದ: "ಅಣ್ಣ, ಕಾನೂನು ಅಂದ್ರೆ ರಾಜಕೀಯ ಅಷ್ಟೆ. ಉಳ್ಳವರು ಬರೆದದ್ದು, ಉಳ್ಳವರು ಓದೋದು. ನೀವು ಯಾಕೆ ಇಪ್ಪತ್ತು ವರ್ಷದಿಂದ ತಾಲೂಕು ಆಫೀಸು, ಎಸಿ ಆಫೀಸು ಅಂತ ಚಪ್ಪಲಿ ಸವೆಸ್ತಿದ್ದೀರಿ?" ಪಕ್ಕದಲ್ಲೇ ಇದ್ದ ಹಿರಿಯ ವಕೀಲರೊಬ್ಬರು ತಲೆ ಅಲ್ಲಾಡಿಸಿದರು. "ಹಾಗನ್ನಬೇಡಪ್ಪ. ಕಾನೂನು ಬೇರೆ, ರಾಜಕೀಯ ಬೇರೆ. ಕಾನೂನಿಗೆ ರಾಜಕೀಯ ಬೆರೆಸಿದ್ದಕ್ಕೇ ನಿಮ್ಮ ಕೇಸುಗಳು ಬಿದ್ದುಹೋಗೋದು" ಅಂದರು.

ನಾನು ಆಗ ಏನೂ ಹೇಳಲಿಲ್ಲ. ಇಬ್ಬರ ಮಾತೂ ನನ್ನ ಬದುಕಿಗೆ ಹೊಂದಿಕೆ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದನ್ನ ಇಲ್ಲಿ ಬರೀತಿದ್ದೀನಿ.

ಮಾಕುಟ್ಟದಿಂದ ಶುರು ಮಾಡ್ತೀನಿ. ಗೊತ್ತಿಲ್ಲದವರಿಗೆ: ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಕಾಡಿನ ಘಾಟಿ ಇಳಿದರೆ ಮಾಕುಟ್ಟ. ಅಲ್ಲಿಂದ ಕೂಟುಪುಳ ಸೇತುವೆ ದಾಟಿದರೆ ಕೇರಳ, ಆಮೇಲೆ ಇರಿಟ್ಟಿ, ಮುಂದೆ ಕಣ್ಣೂರು, ತಲಶ್ಶೇರಿ. ನಮಗೆ ಅದು ಗಡಿ ಅಂತ ಯಾವತ್ತೂ ಅನಿಸಿರಲಿಲ್ಲ. ಆ ಕಡೆಯವರು ಈ ಕಡೆ ತೋಟಕ್ಕೆ ಬರ್ತಾರೆ, ಈ ಕಡೆಯವರು ಆ ಕಡೆ ಆಸ್ಪತ್ರೆಗೆ ಹೋಗ್ತಾರೆ. ನಮ್ಮಕ್ಕನನ್ನ ಕೊಟ್ಟಿರೋದೂ ಇರಿಟ್ಟಿ ಕಡೆಗೇ.

2020ರ ಮಾರ್ಚಲ್ಲಿ ಲಾಕ್‌ಡೌನ್ ಬಂತು. ಮಾಕುಟ್ಟದ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿದರು. ಏಪ್ರಿಲಲ್ಲಿ ಅಪ್ಪ ತೀರಿಕೊಂಡರು. ಅಕ್ಕ ಆ ಕಡೆ, ನಾವು ಈ ಕಡೆ. ಅವಳು ಅಪ್ಪನ ಮುಖ ನೋಡಿದ್ದು ಫೋನಲ್ಲಿ. ಯಾರನ್ನೂ ದೂರೋಕೆ ಇದನ್ನ ಹೇಳ್ತಿಲ್ಲ. ರೋಗದ ಕಾಲ, ಎಲ್ಲರಿಗೂ ಭಯ ಇತ್ತು, ಎಷ್ಟೋ ಮನೆಗಳಲ್ಲಿ ಹೀಗೇ ಆಯ್ತು. ನನ್ನ ತಲೆಯಲ್ಲಿ ಉಳಿದದ್ದು ಬೇರೆ ಪ್ರಶ್ನೆ. ದೇಶದ ಒಳಗೆ ಎಲ್ಲಿ ಬೇಕಾದರೂ ಓಡಾಡುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ ಅಂತ ನಾನೇ ಹುಡುಗರಿಗೆ ಪಾಠ ಮಾಡಿದವನು. ಅದೇ ವಿಧಿಯಲ್ಲಿ, ಸಾರ್ವಜನಿಕ ಹಿತಕ್ಕಾಗಿ ಸಮಂಜಸವಾದ ನಿರ್ಬಂಧ ಹಾಕಬಹುದು ಅಂತಲೂ ಇದೆ. ಹಾಗಾದರೆ ಒಂದು ರಾಜ್ಯ ಇನ್ನೊಂದು ರಾಜ್ಯದ ಜನಕ್ಕೆ ಮಣ್ಣು ಅಡ್ಡ ಹಾಕೋದು ಸಮಂಜಸವೋ ಅಲ್ಲವೋ? ಅದನ್ನ ಹೇಳೋರು ಯಾರು?

ಕೇಸು ನಡೀತು. ಅದು ಮುಖ್ಯವಾಗಿ ಕಾಸರಗೋಡು–ಮಂಗಳೂರು ಹೆದ್ದಾರಿಯದ್ದು. ಕಾಸರಗೋಡಿನ ಜನ, ಅದರಲ್ಲಿ ನಮ್ಮ ಕನ್ನಡದವರೂ ಎಷ್ಟೋ ಮಂದಿ, ದೊಡ್ಡ ಕಾಯಿಲೆಗೆ ನಂಬಿರೋದು ಮಂಗಳೂರಿನ ಆಸ್ಪತ್ರೆಗಳನ್ನ. ತಲಪಾಡಿಯಲ್ಲಿ ಅವರ ಆಂಬುಲೆನ್ಸ್ ನಿಂತವು. 2020ರ ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಹೇಳಿತು: ಜನರ ಓಡಾಟದ ಹಕ್ಕು, ಜೀವಿಸುವ ಹಕ್ಕಿಗೆ ಇದು ಧಕ್ಕೆ, ರಾಷ್ಟ್ರೀಯ ಹೆದ್ದಾರಿಯ ಅಡ್ಡಿಯನ್ನ ಕೇಂದ್ರ ಸರ್ಕಾರ ತೆಗೆಸಬೇಕು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಹಕ್ಕಿನ ಪ್ರಶ್ನೆಗೆ ದೊಡ್ಡ ತೀರ್ಪೇನೂ ಬರಲಿಲ್ಲ. ಎರಡು ರಾಜ್ಯ, ಕೇಂದ್ರ ಕೂತು ಮಾತಾಡಿ ಅಂದರು. ರೋಗಿಗಳನ್ನ ಬಿಡೋದಕ್ಕೆ ಒಂದು ಕ್ರಮ ಒಪ್ಪಿಗೆ ಆಯ್ತು ಅಂತ ಏಪ್ರಿಲ್ 7ಕ್ಕೆ ಪ್ರಕರಣ ಮುಗೀತು.

ಅಂದ್ರೆ ಏನಾಯ್ತು ನೋಡಿ. ಕಾನೂನಿನ ಪ್ರಶ್ನೆಯಾಗಿ ಕೋರ್ಟಿಗೆ ಹೋಗಿದ್ದು ಮೀಟಿಂಗಿನ ಒಪ್ಪಂದ ಆಗಿ ಹೊರಗೆ ಬಂತು. ಹಾಗಂತ ಹೈಕೋರ್ಟಿನ ಆದೇಶ ಇಲ್ಲದೇ ಹೋಗಿದ್ದರೆ ಆ ಮೀಟಿಂಗೇ ನಡೀತಿತ್ತು ಅಂತ ನನಗೆ ಅನಿಸಲ್ಲ. ನನ್ನ ಇಡೀ ಉತ್ತರ ಈ ಎರಡು ಸಾಲಲ್ಲೇ ಇದೆ. ಉಳಿದದ್ದು ವಿವರಣೆ.

ಕಾನೂನಿನ ತತ್ವಶಾಸ್ತ್ರ ಓದಿದವರು ಈ ಜಗಳ ನೂರಾರು ವರ್ಷದಿಂದ ಮಾಡ್ತಾ ಬಂದಿದ್ದಾರೆ. ಇಂಗ್ಲೆಂಡಿನ ಜಾನ್ ಆಸ್ಟಿನ್ ಅನ್ನೋನು ಹತ್ತೊಂಬತ್ತನೇ ಶತಮಾನದಲ್ಲೇ ಹೇಳಿದ್ದ: ಕಾನೂನು ಅಂದರೆ ಅಧಿಕಾರ ಇರೋನ ಆಜ್ಞೆ, ಮೀರಿದರೆ ಶಿಕ್ಷೆ, ಅಷ್ಟೆ. ಹಾನ್ಸ್ ಕೆಲ್ಸನ್ ಅನ್ನೋರು ಅದನ್ನ ಒಪ್ಪಲಿಲ್ಲ. ಕಾನೂನನ್ನ ರಾಜಕೀಯದಿಂದ, ನೀತಿಯಿಂದ ತೊಳೆದು ಶುದ್ಧವಾಗಿ ನೋಡಬೇಕು, ಒಂದು ನಿಯಮಕ್ಕೆ ಬಲ ಕೊಡೋದು ಅದರ ಮೇಲಿನ ನಿಯಮ ಅಂದರು. ಮಜಾ ಏನಂದ್ರೆ ಅಷ್ಟು ಶುದ್ಧತೆ ಬೇಕು ಅಂದ ಅದೇ ಕೆಲ್ಸನ್‌ರನ್ನ 1930ರಲ್ಲಿ ಆಸ್ಟ್ರಿಯಾದ ಸಾಂವಿಧಾನಿಕ ಕೋರ್ಟಿನಿಂದ ರಾಜಕೀಯವೇ ಹೊರಗೆ ಹಾಕಿತು. 1933ರಲ್ಲಿ ನಾಜಿಗಳು ಜರ್ಮನಿಯ ವಿಶ್ವವಿದ್ಯಾಲಯದಿಂದಲೂ ತೆಗೆದರು. ಅದೇ ಕಾಲದ ಕಾರ್ಲ್ ಶ್ಮಿಟ್ ಉಲ್ಟಾ ಹೇಳಿದ. ಮಾಮೂಲಿ ದಿನಗಳಲ್ಲಿ ಕಾನೂನು ನಡೆಯುತ್ತೆ, ಆದರೆ ಈಗ ಮಾಮೂಲಿ ದಿನ ಅಲ್ಲ ಅಂತ ತೀರ್ಮಾನ ಮಾಡೋನು ಯಾರೋ ಅವನೇ ನಿಜವಾದ ಒಡೆಯ ಅಂದ. ಆತ ಹೋಗಿ ನಾಜಿ ಪಕ್ಷ ಸೇರಿದ.

ನಮ್ಮ ವಕೀಲರು ಕೆಲ್ಸನ್ ಕಡೆ. ಹುಡುಗ ಆಸ್ಟಿನ್ ಮತ್ತು ಶ್ಮಿಟ್ ಕಡೆ, ಅವನಿಗೆ ಗೊತ್ತಿಲ್ಲದೇನೇ. ಮಾಕುಟ್ಟದ ಮಣ್ಣುಗುಡ್ಡೆ ನೋಡಿದವರಿಗೆ ಹುಡುಗನ ಮಾತು ಸರಿ ಅನಿಸುತ್ತೆ, ನನಗೂ ಅನಿಸಿದೆ.

ಕೊಡಗಿನ ಭೂಮಿ ವಿಷಯಕ್ಕೆ ಬಂದರಂತೂ ಇನ್ನೂ ಸರಿ ಅನಿಸುತ್ತೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಏನಾಯ್ತು ನೆನಪಿದೆಯಾ? ವಿರಾಜಪೇಟೆ ತಾಲೂಕು. ಜೇನುಕುರುಬರು, ಯರವರು, ತೋಟದ ಲೈನ್ ಮನೆಗಳಲ್ಲಿ ತಲೆಮಾರುಗಟ್ಟಲೆ ಜೀತದ ಹಾಗೆ ದುಡಿದವರು ಹೊರಗೆ ಬಂದು ಗುಡಿಸಲು ಹಾಕಿಕೊಂಡಿದ್ದರು. ಐನೂರಕ್ಕೂ ಹೆಚ್ಚು ಕುಟುಂಬ. ಜೆಸಿಬಿ ಬಂತು. ಇಲಾಖೆ ಹೇಳಿದ್ದು, ಇದು ಮೀಸಲು ಅರಣ್ಯ. ಹೋರಾಟಗಾರರು ಹೇಳಿದ್ದು, ಇದು ಪೈಸಾರಿ. ಒಂದೇ ನೆಲ, ಎರಡು ಹೆಸರು. ಯಾವ ಹೆಸರು ದಾಖಲೆಗೆ ಏರುತ್ತೋ ಅದರ ಮೇಲೆ ನಿಮ್ಮ ಒಲೆ ಉಳಿಯುತ್ತೋ ಇಲ್ಲವೋ ಅನ್ನೋದು ನಿಂತಿದೆ. ಕಾಡು ಅಂತಲೇ ಇಟ್ಟುಕೊಳ್ಳೋಣ. 2006ರ ಅರಣ್ಯ ಹಕ್ಕು ಕಾಯ್ದೆ, ಹಕ್ಕು ಗುರುತಿಸೋ ಕೆಲಸ ಮುಗಿಯೋ ತನಕ ಕಾಡಲ್ಲಿ ಇರೋ ಆದಿವಾಸಿಗಳನ್ನ ಎಬ್ಬಿಸಬಾರದು ಅನ್ನುತ್ತೆ. ಆ ಪುಸ್ತಕ ಅವತ್ತು ಜೆಸಿಬಿಗೆ ಕಾಣಿಸಲಿಲ್ಲ.

ಈಗ ಇನ್ನೊಂದು ಪುಸ್ತಕ ನೋಡಿ. 2022ರಲ್ಲಿ ಕರ್ನಾಟಕ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ಬಂತು. ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ, ಏಲಕ್ಕಿ, ಮೆಣಸು ಬೆಳೆದವರಿಗೆ 25 ಎಕರೆ ತನಕ 30 ವರ್ಷದ ಗುತ್ತಿಗೆಗೆ ಕೊಡಬಹುದು. ಸಣ್ಣ ಬೆಳೆಗಾರರ ಕಷ್ಟ ನನಗೆ ಗೊತ್ತು, ಎರಡು ಎಕರೆ ಇಟ್ಟುಕೊಂಡು ಒದ್ದಾಡೋರು ನಮ್ಮ ಸ್ನೇಹಿತರೇ. ಆದರೆ 25 ಎಕರೆ ಒತ್ತುವರಿ ಮಾಡಿದ್ದನ್ನ ಸಕ್ರಮ ಮಾಡೋಕೆ ವಿಧಾನಸೌಧ ಕಾನೂನನ್ನೇ ಬದಲಾಯಿಸುತ್ತೆ. ಮೂರು ಸೆಂಟಲ್ಲಿ ಪ್ಲಾಸ್ಟಿಕ್ ಹೊದಿಸಿ ಮಲಗಿದವಳಿಗೆ ಮಾತ್ರ 'ಒತ್ತುವರಿದಾರಳು' ಅಂತ ನೋಟಿಸು. ಎರಡೂ ಒತ್ತುವರಿನೇ. ಒಂದಕ್ಕೆ 'ಬೆಳೆಗಾರರ ಸಮಸ್ಯೆ' ಅಂತ ಹೆಸರು, ಇನ್ನೊಂದಕ್ಕೆ 'ಅಪರಾಧ' ಅಂತ. ಇದು ರಾಜಕೀಯ ಅಲ್ಲ ಅಂತ ಹೇಳೋ ವಕೀಲರು ಒಂದು ಸಲ ಲೈನ್ ಮನೆಗೆ ಬಂದು ಹೇಳಲಿ.

ಪಿಟಿಸಿಎಲ್ ಕಥೆ ನಿಮಗೆಲ್ಲ ಗೊತ್ತೇ ಇದೆ, ಆದರೂ ಸರಣಿ ನೋಡಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಬಲಾಢ್ಯರು ಸಾಲಕ್ಕೆ, ಸಾರಾಯಿಗೆ, ಹೆಬ್ಬೆಟ್ಟಿಗೆ ಬರೆಸಿಕೊಂಡಿದ್ದರು. ಅದನ್ನ ವಾಪಸ್ ಕೊಡಿಸೋಕೆ ದೇವರಾಜ ಅರಸು ಕಾಲದಲ್ಲಿ, 1978ರಲ್ಲಿ, ಕಾಯ್ದೆ ಆಯ್ತು. 1984ರಲ್ಲಿ ಸುಪ್ರೀಂ ಕೋರ್ಟ್ ಮಂಚೇಗೌಡ ಪ್ರಕರಣದಲ್ಲಿ ಅದನ್ನ ಎತ್ತಿಹಿಡಿಯಿತು. ಇಷ್ಟು ವರ್ಷದ ಒಳಗೇ ಅರ್ಜಿ ಹಾಕಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇರಲಿಲ್ಲ. ಬೇಕಂತಲೇ ಇಟ್ಟಿರಲಿಲ್ಲ. ಹೆಬ್ಬೆಟ್ಟು ಒತ್ತಿದವನಿಗೆ ಕಾನೂನು ಇದೆ ಅಂತ ಗೊತ್ತಾಗೋಕೇ ಒಂದು ತಲೆಮಾರು ಬೇಕು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕಾಲಮಿತಿ ಇಲ್ಲದಿದ್ದರೂ 'ಸಮಂಜಸ ಅವಧಿ'ಯಲ್ಲಿ ಬರಬೇಕು, ಇಪ್ಪತ್ತೈದು ವರ್ಷ ತಡ ಆದರೆ ಆಗಲ್ಲ. ಆ ಎರಡು ಪದದ ಮೇಲೆ ರಾಜ್ಯದ ಉದ್ದಕ್ಕೂ ನಮ್ಮವರ ಅರ್ಜಿಗಳು ಬಿದ್ದವು. ಧರಣಿ ಕೂತೆವು. ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ತಿಂಗಳುಗಟ್ಟಲೆ ಜನ ಮಳೆ ಬಿಸಿಲಲ್ಲಿ ಕೂತರು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ಮಾಡಿ ಯಾವ ಕಾಲಮಿತಿಯೂ ಇಲ್ಲ ಅಂತ ಸ್ಪಷ್ಟವಾಗಿ ಬರೆಯಿತು. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ವಿಳಂಬ ಬೇರೆ, ತಿದ್ದುಪಡಿಯಿಂದ ವಿಳಂಬದ ಪ್ರಶ್ನೆ ಹೋಗಲ್ಲ ಅಂದಿತು.

ವಿಧಾನಸೌಧದ ಒಂದು ಸಾಲು, ಕೋರ್ಟಿನ ಎರಡು ಪದ, ಬೀದಿಯ ನೂರಾರು ದಿನ. ಮತ್ತೆ ವಿಧಾನಸೌಧ, ಮತ್ತೆ ಕೋರ್ಟು. ಇದರಲ್ಲಿ ಕಾನೂನು ಎಲ್ಲಿ ಮುಗಿದು ರಾಜಕೀಯ ಎಲ್ಲಿ ಶುರುವಾಯ್ತು ಅಂತ ಗೆರೆ ಎಳೆಯೋಕೆ ಆಗುತ್ತಾ? 'ಸಮಂಜಸ' ಅನ್ನೋ ಪದ ನಿಘಂಟಲ್ಲಿ ತಟಸ್ಥ. ಯಾರ ಕಾಲಮಾನದಲ್ಲಿ ಸಮಂಜಸ ಅನ್ನೋದು ತಟಸ್ಥ ಅಲ್ಲ. ಜಮೀನು ಕೊಂಡವನ ಗಡಿಯಾರದಲ್ಲಿ ಇಪ್ಪತ್ತೈದು ವರ್ಷ ಬಹಳ. ಅದೇ ಜಮೀನಲ್ಲಿ ಕೂಲಿಗೆ ಹೋಗೋನ ಗಡಿಯಾರ ಬೇರೆ.

ಇಲ್ಲಿ ತನಕ ಹುಡುಗನೇ ಗೆದ್ದ ಹಾಗೆ ಕಾಣುತ್ತೆ. ಅಲ್ವಾ? ಇನ್ನು ನಾನು ಅವನ ಜೊತೆ ಜಗಳ ಮಾಡ್ತೀನಿ.

ಅಮೆರಿಕದಲ್ಲಿ 1970ರ ದಶಕದ ಕೊನೆಗೆ ಕಾನೂನು ಮೇಷ್ಟರುಗಳ ಒಂದು ಗುಂಪು ಹುಟ್ಟಿತು. ಡಂಕನ್ ಕೆನಡಿ, ಪೀಟರ್ ಗೇಬೆಲ್ ಇವರೆಲ್ಲ. ವಿಮರ್ಶಾತ್ಮಕ ಕಾನೂನು ಅಧ್ಯಯನ ಅಂತ ಅದಕ್ಕೆ ಹೆಸರು. ಕಾನೂನು ಅಂದರೆ ರಾಜಕೀಯವೇ, ಹಕ್ಕು ಅನ್ನೋದು ಒಂದು ಭ್ರಮೆ, ಹಕ್ಕಿನ ಭಾಷೆ ಮನುಷ್ಯರನ್ನ ಒಬ್ಬರಿಂದ ಒಬ್ಬರನ್ನ ದೂರ ಮಾಡುತ್ತೆ ಅಂತ ಅವರ ವಾದ. ಬಹಳಷ್ಟು ಸರಿಯೇ ಹೇಳಿದ್ದರು. ಅವರಿಗೆ ಉತ್ತರ ಕೊಟ್ಟವರು ಬಲಪಂಥೀಯರಲ್ಲ. ಪೆಟ್ರೀಷಿಯಾ ವಿಲಿಯಮ್ಸ್ ಅನ್ನೋ ಕಪ್ಪು ಹೆಣ್ಣುಮಗಳು. ಆಕೆಯ ಮುತ್ತಜ್ಜಿಯ ತಾಯಿ ಒಬ್ಬ ಬಿಳಿ ವಕೀಲ ಕೊಂಡುಕೊಂಡಿದ್ದ ಗುಲಾಮಳು.

ಆಕೆ ಹೇಳೋ ಕಥೆ ಇದು. ಆಕೆ ಮತ್ತು ಗೇಬೆಲ್ ಇಬ್ಬರೂ ನ್ಯೂಯಾರ್ಕಲ್ಲಿ ಬಾಡಿಗೆ ಮನೆ ಹುಡುಕಿದರು. ಗೇಬೆಲ್ ಅಪರಿಚಿತರ ಕೈಗೆ ಮುಂಗಡ ಕೊಟ್ಟುಬಿಟ್ಟ. ಕರಾರು ಇಲ್ಲ, ರಸೀದಿ ಇಲ್ಲ, ಕೀಲಿಕೈಯೂ ಇಲ್ಲ. ನಂಬಿಕೆ ಮೇಲೆ. ಕಾಗದ ಪತ್ರ ಇಟ್ಟರೆ ಸಂಬಂಧ ಕೆಡುತ್ತೆ ಅಂತ ಅವನ ಭಾವನೆ. ವಿಲಿಯಮ್ಸ್ ಮನೆ ತಗೊಂಡದ್ದು ಸ್ನೇಹಿತರ ಕಟ್ಟಡದಲ್ಲೇ. ಆದರೂ ಅಚ್ಚಾದ, ವಿವರವಾದ ಕರಾರಿಗೆ ಸಹಿ ಹಾಕಿದಳು. ಯಾಕಂದ್ರೆ ಅವಳ ಜನರನ್ನ ಯಾವತ್ತೂ ಕರಾರು ಮಾಡೋ ಮನುಷ್ಯರು ಅಂತಲೇ ಎಣಿಸಿರಲಿಲ್ಲ. ಕಾಗದ ಇಲ್ಲದ ಸಂಬಂಧ ಗೇಬೆಲ್‌ಗೆ ಬಿಡುಗಡೆ. ಅವಳಿಗೆ ಅದೇ ಹಳೆಯ ಗುಲಾಮಗಿರಿ.

ಇದನ್ನ ಮೊದಲ ಸಲ ಓದಿದಾಗ ನನಗೆ ಅಮ್ಮ ನೆನಪಾದಳು.

ನಾನು ಹುಟ್ಟಿದ್ದು ಲೈನ್ ಮನೆಯಲ್ಲಿ. ಯಾವ ತೋಟ ಅಂತ ಹೇಳಲ್ಲ. ಲೈನ್ ಮನೆ ಅಂದರೆ ಪೂರ್ತಿ ನಂಬಿಕೆ ಮೇಲೆ ನಡೆಯೋ ಲೋಕ. ಕರಾರಿಲ್ಲ, ಬಾಡಿಗೆ ಚೀಟಿ ಇಲ್ಲ. ಸಾಹುಕಾರ್ರು ಒಳ್ಳೆಯವರಾದರೆ ಹಬ್ಬಕ್ಕೆ ಬಟ್ಟೆ, ಮಗಳ ಮದುವೆಗೆ ಮುಂಗಡ. ಆ ಮುಂಗಡ ತೀರೋ ತನಕ ತೋಟ ಬಿಡೋ ಹಾಗಿಲ್ಲ. ರೇಷನ್ ಕಾರ್ಡಿಗೆ ವಿಳಾಸ ಬೇಕಾದರೆ ರೈಟರ ಮುಂದೆ ಕೈಕಟ್ಟಿ ನಿಲ್ಲಬೇಕು. ಅಪ್ಪ ಮರಗಪಾತು ಮಾಡೋವಾಗ ಬಿದ್ದು ಸೊಂಟ ಹೋಯ್ತು. ಕೆಲಸ ಇಲ್ಲ ಅಂದ ಮೇಲೆ ಮನೆಯೂ ಇಲ್ಲ. ತಿಂಗಳೊಳಗೆ ಖಾಲಿ ಮಾಡಿ ಅಂದರು. ಯಾವ ಕಾನೂನಿನ ಪ್ರಕಾರ ಅಂತ ಕೇಳೋಕೆ ನಮ್ಮ ಹತ್ತಿರ ಒಂದು ಚೂರು ಕಾಗದ ಇರಲಿಲ್ಲ.

ಅಮ್ಮ ಓದಿದವಳಲ್ಲ. ಅವಳು ಒಂದೇ ಮಾತು ಹೇಳ್ತಿದ್ದಳು: "ಮೂರು ಸೆಂಟಾದ್ರೂ ಆಗ್ಲಿ ಮಗ, ನಮ್ ಹೆಸ್ರಲ್ಲಿ ಒಂದ್ ಕಾಗ್ದ ಇರ್ಲಿ." ಪೈಸಾರಿಯಲ್ಲಿ ಗುಡಿಸಲು ಹಾಕಿದೆವು. 94ಸಿ ಅಡಿ ಅರ್ಜಿ ಹಾಕಿದೆವು. ಹುಡುಗ ಕೇಳಿದನಲ್ಲ, ಚಪ್ಪಲಿ ಯಾಕೆ ಸವೆಸ್ತೀರಿ ಅಂತ, ಅದು ಶುರುವಾಗಿದ್ದು ಅಲ್ಲಿಂದ. ಸರ್ವೆ ಆಗಿಲ್ಲ ಅಂದರು. ಸರ್ವೆ ಆದ ಮೇಲೆ ಫೈಲ್ ಇಲ್ಲ ಅಂದರು. ಫೈಲ್ ಸಿಕ್ಕಿದ ಮೇಲೆ ಕಾಡು ಅಂದರು. ನಾವು ನಲವತ್ತು ಮನೆಯವರು ಒಟ್ಟಿಗೆ ಹೋಗಿ ಕೂತೆವು. ಅರ್ಜಿ ಹಿಡಿದು ಒಬ್ಬನೇ ಹೋದಾಗ ಅದು ಬರೀ ಕಾಗದ. ಅರ್ಜಿ ಇಲ್ಲದೆ ನಲವತ್ತು ಜನ ಹೋಗಿದ್ದರೆ ಬರೀ ಗಲಾಟೆ ಅಂತ ಪೊಲೀಸ್ ಕರೀತಿದ್ದರು. ನಲವತ್ತು ಜನ, ಕೈಯಲ್ಲಿ ಸೆಕ್ಷನ್ ನಂಬರು ಇರೋ ಅರ್ಜಿ. ಅದಕ್ಕೆ ಅವರು ಉತ್ತರ ಕೊಡಲೇಬೇಕಾಯ್ತು. ಹಕ್ಕುಪತ್ರ ಬಂದ ದಿನ ಅಮ್ಮ ಅದನ್ನ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಅಕ್ಕಿ ಮೂಟೆ ಹಿಂದೆ ಇಟ್ಟಳು. ಈಗಲೂ ಅಲ್ಲೇ ಇದೆ.

ಆ ಕಾಗದ ರಾಜಕೀಯದ ಫಲವೇ, ಹೌದು. ಆದರೆ ಬರೀ ರಾಜಕೀಯ ಅಲ್ಲ. ಸರ್ಕಾರ ಬದಲಾದರೂ ಅದು ಬದಲಾಗಲಿಲ್ಲ. ಎಂಎಲ್‌ಎ ಮನಸ್ಸು ಬದಲಾದರೂ ಬದಲಾಗಲಿಲ್ಲ. ಕಾನೂನಿಗೂ ರಾಜಕೀಯಕ್ಕೂ ನಾನು ಕಂಡ ವ್ಯತ್ಯಾಸ ಇದು. ನಾವು ಬೀದಿಯಲ್ಲಿ ಗೆದ್ದದ್ದು ನಾಳೆ ನಾವು ಮಲಗಿದ್ದಾಗಲೂ ಉಳಿಯಬೇಕು ಅಂದರೆ ಅದು ಕಾನೂನಾಗಬೇಕು. ದಿನಾ ಎದ್ದು ಗೆಲ್ಲೋ ಶಕ್ತಿ ದುಡ್ಡಿರೋರಿಗೆ ಇದೆ, ಕೂಲಿ ಮಾಡೋರಿಗೆ ಇಲ್ಲ. 'ಎಲ್ಲಾ ರಾಜಕೀಯ' ಅಂತ ಬಿಟ್ಟುಬಿಟ್ಟರೆ ದಿನಾ ಗೆಲ್ಲೋನೇ ಗೆಲ್ತಾನೆ.

ಬಾಬಾಸಾಹೇಬರನ್ನ ನೋಡಿ. ಮಹಾಡದ ಚೌದಾರ್ ಕೆರೆ ನಮ್ಮವರಿಗೂ ತೆರೆದಿದೆ ಅಂತ 1924ರಲ್ಲೇ ಪುರಸಭೆ ಕಾಗದದಲ್ಲಿ ಬರೆದಿತ್ತು. ಅದಕ್ಕೂ ಮೊದಲು 1923ರಲ್ಲಿ ಬಾಂಬೆ ಶಾಸನ ಪರಿಷತ್ತಲ್ಲಿ ಬೋಳೆ ನಿರ್ಣಯ ಆಗಿತ್ತು. ಕಾಗದ ಇತ್ತು, ನೀರು ಇರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನ ಕರೆದುಕೊಂಡು ಹೋಗಿ ನೀರು ಮುಟ್ಟಿದರು. ಏಟು ಬಿತ್ತು. ಮೇಲ್ಜಾತಿಯವರು ಕೆರೆ 'ಶುದ್ಧಿ' ಮಾಡಿ ಕೋರ್ಟಿಗೆ ಹೋದರು. ಡಿಸೆಂಬರಲ್ಲಿ ಎರಡನೇ ಸಲ ಮಹಾಡಕ್ಕೆ ಹೋದಾಗ ಕೋರ್ಟಿನ ತಡೆಯಾಜ್ಞೆ ಇತ್ತು. ಅವತ್ತು ಅವರು ಕೆರೆಗೆ ಇಳಿಯಲಿಲ್ಲ. 25ನೇ ತಾರೀಕು ಮನುಸ್ಮೃತಿ ಸುಟ್ಟರು. ಕೇಸನ್ನೂ ಬಿಡಲಿಲ್ಲ. ಹತ್ತು ವರ್ಷ ನಡೆಸಿ 1937ರಲ್ಲಿ ಬಾಂಬೆ ಹೈಕೋರ್ಟಲ್ಲಿ ಗೆದ್ದರು.

ಇದನ್ನ ನಿಧಾನಕ್ಕೆ ಯೋಚನೆ ಮಾಡಿ. ಒಂದು ಕಾನೂನನ್ನ ಸುಟ್ಟ ಮನುಷ್ಯನೇ ಇನ್ನೊಂದು ಕಾನೂನಿನ ತಡೆಯಾಜ್ಞೆಯನ್ನ ಪಾಲಿಸಿದರು, ಹತ್ತು ವರ್ಷ ಕೋರ್ಟಲ್ಲಿ ಕೂತರು. ಕಾನೂನು ರಾಜಕೀಯಕ್ಕಿಂತ ಮೇಲೆ ಅಂತ ನಂಬಿದ್ದರೆ ಮನುಸ್ಮೃತಿ ಸುಡ್ತಿರಲಿಲ್ಲ, ಅದೂ ಒಂದು ಕಾಲದ ಕಾನೂನೇ. ಕಾನೂನು ಬರೀ ರಾಜಕೀಯ ಅಂತ ನಂಬಿದ್ದರೆ ಕೇಸು ನಡೆಸ್ತಿರಲಿಲ್ಲ. 1948ರ ನವೆಂಬರಲ್ಲಿ ಸಂವಿಧಾನ ಸಭೆಯಲ್ಲಿ ಅವರು ಸಾಂವಿಧಾನಿಕ ನೈತಿಕತೆ ಬಗ್ಗೆ ಮಾತಾಡಿದರು. ಅದು ತಾನಾಗಿ ಹುಟ್ಟಲ್ಲ, ಬೆಳೆಸಬೇಕು. ಸಂವಿಧಾನದ ಒಂದು ಅಕ್ಷರ ಬದಲಾಯಿಸದೇನೇ ಆಡಳಿತದ ಮೂಲಕ ಅದನ್ನ ಕೆಡಿಸಬಹುದು ಅಂತ ಎಚ್ಚರಿಸಿದರು. ದಿಡ್ಡಳ್ಳಿಯಲ್ಲಿ ನಾನು ನೋಡಿದ್ದು ಅದನ್ನೇ. ಕಾಯ್ದೆಯ ಅಕ್ಷರ ಹಾಗೇ ಇತ್ತು. ಹಿಂದೂ ಕೋಡ್ ಬಿಲ್ಲನ್ನ ಅಂದಿನ ರಾಜಕೀಯ ಮುಂದೆ ಹೋಗಲು ಬಿಡದಿದ್ದಾಗ 1951ರಲ್ಲಿ ಕಾನೂನು ಮಂತ್ರಿ ಸ್ಥಾನ ಬಿಸಾಕಿ ಬಂದರು. ಕಾನೂನಿನ ಮಿತಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಕಾನೂನನ್ನ ಶತ್ರುಗಳ ಆಸ್ತಿ ಅಂತ ಬಿಟ್ಟುಕೊಡಲಿಲ್ಲ.

ಹಾಗಾಗಿ ವಕೀಲರಿಗೆ ನನ್ನ ಮಾತು: ಸರ್, ಕಾನೂನಿಗೆ ನಾವು ರಾಜಕೀಯ ಬೆರೆಸ್ತಿಲ್ಲ. ಅದು ಬೆರೆತೇ ಬಂದಿದೆ. ಯಾರದ್ದು ಬೆರೆತಿದೆ ಅಂತ ಕೇಳ್ತಿದ್ದೀವಿ ಅಷ್ಟೆ. 25 ಎಕರೆಯವರ ರಾಜಕೀಯ ಕಾನೂನಿನ ಭಾಷೆ ಕಲಿತಿರೋದರಿಂದ ಅದು ನಿಮಗೆ ಕಾನೂನು ಅನಿಸುತ್ತೆ. ನಮ್ಮದು ಇನ್ನೂ ಘೋಷಣೆಯ ಭಾಷೆಯಲ್ಲಿ ಇರೋದರಿಂದ ರಾಜಕೀಯ ಅನಿಸುತ್ತೆ.

ಹುಡುಗನಿಗೆ: ತಮ್ಮ, ನೀನು ಹೇಳಿದ್ದು ಅರ್ಧ ಸತ್ಯ. ಅರ್ಧ ಸತ್ಯ ಇಟ್ಟುಕೊಂಡು ಪರೀಕ್ಷೆ ಪಾಸಾಗಬಹುದು, ಮೂರು ಸೆಂಟು ಸಿಗಲ್ಲ. ನೀನು ಲಾ ಓದ್ತಿದ್ದೀಯ. ಪಿಟಿಸಿಎಲ್ ಅರ್ಜಿಗಳು ಎಸಿ ಕೋರ್ಟುಗಳಲ್ಲಿ ಎಷ್ಟು ಬಿದ್ದಿವೆ, ಯಾವ ಕಾರಣ ಬರೆದಿದ್ದಾರೆ, ವಿಳಂಬಕ್ಕೆ ನಾವು ಕೊಟ್ಟ ವಿವರಣೆಯಲ್ಲಿ ಏನು ಕೊರತೆ ಅಂತ ಕೂತು ಓದು. ಹೆಬ್ಬೆಟ್ಟಿನವನಿಗೆ ಯಾಕೆ ಇಪ್ಪತ್ತೈದು ವರ್ಷ ಬೇಕಾಯ್ತು ಅಂತ ಕೋರ್ಟಿನ ಭಾಷೆಯಲ್ಲಿ ಬರೆಯೋಕೆ ನಮಗೆ ನಿನ್ನಂಥವರು ಬೇಕು. ಲೈನ್ ಮನೆಗಳಲ್ಲಿ ಇನ್ನೂ ವಿಳಾಸ ಇಲ್ಲದೇ ಇರೋರ ಪಟ್ಟಿ ಮಾಡಬೇಕಿದೆ, ಬಾ. ಅರ್ಜಿ ಬರೆಯೋ ದಿನ ನಿನ್ನ ಕೈ ಬೇಕು, ಅದನ್ನ ಕೊಡೋಕೆ ಹೋಗೋ ದಿನ ನಮ್ಮೆಲ್ಲರ ಕಾಲು ಬೇಕು.

ಮಾಕುಟ್ಟದಲ್ಲಿ ಈಗ ಬಸ್ಸು, ಲಾರಿ ಎಲ್ಲಾ ಓಡಾಡ್ತಿವೆ. ಆ ಮಣ್ಣು ಎಲ್ಲಿತ್ತು ಅಂತ ಗುರುತೂ ಸಿಗಲ್ಲ. ಅಕ್ಕ ಹೋದ ತಿಂಗಳು ಬಂದಿದ್ದಳು. ಅಪ್ಪನನ್ನ ಕೊನೆಗೆ ನೋಡೋಕಾಗಲಿಲ್ಲ ಅಂತ ಈಗಲೂ ಅಳ್ತಾಳೆ. ಅಮ್ಮ ಅವಳಿಗೆ ಹೇಳಿದ್ದು ಇಷ್ಟೇ: "ಅಳ್ಬೇಡ. ನಿಮ್ಮಪ್ಪ ಲೈನಲ್ಲಿ ಸಾಯ್ಲಿಲ್ಲ. ನಮ್ ಮನೇಲಿ ಸತ್ರು."

ಅವಳನ್ನ ತಡೆದದ್ದೂ ಕಾನೂನೇ. ಅಪ್ಪನಿಗೆ ಆ ಮನೆ ಉಳಿಸಿದ್ದೂ ಕಾನೂನೇ. ಎರಡನೇದಕ್ಕಾಗಿ ನಲವತ್ತು ಮನೆಯವರು ಹೋಗಿ ಕೂತಿದ್ದೆವು.

ಒಪ್ಪದವರು ಕಾಮೆಂಟಲ್ಲಿ ಬನ್ನಿ, ಬೈಗುಳ ಬೇಡ, ವಾದ ಮಾಡಿ. ಮುಂದಿನ ಓದಿನ ಗುಂಪಿಗೆ ಪಿಟಿಸಿಎಲ್ ಫೈಲು ಇರೋರು ಜೆರಾಕ್ಸ್ ತನ್ನಿ.

ಜೈ ಭೀಮ್.